ಗುಡ್ಡ ನೋಡಿ ಬಣ್ಣ ತಿದ್ದುವ ಪಾಠ

ವೀಡಿಯೊ ಎಡಿಟಿಂಗ್ ಕಲಿಸುವವರು ಬಣ್ಣ ತಿದ್ದುವ ಹಂತಕ್ಕೆ ಬಂದ ಕೂಡಲೇ ಹೆಚ್ಚಾಗಿ ತೆರೆದು ತೋರಿಸುವುದು ಹಿಸ್ಟೋಗ್ರಾಂ. ಗುಡ್ಡದಂತೆ ಕಾಣುವ ಆ ನಕ್ಷೆಯ ಎಡತುದಿ ಕಪ್ಪು, ಬಲತುದಿ ಬಿಳಿ, ನಡುವೆ ಬೂದುಬಣ್ಣದ ನಾನಾ ಹಂತಗಳು. ಯಾವ ಹಂತದಲ್ಲಿ ಎಷ್ಟು ಪಿಕ್ಸೆಲ್‌ಗಳಿವೆಯೋ ಅಲ್ಲಿ ಅಷ್ಟು ಎತ್ತರದ ಗೆರೆ. ಪಾಠವೂ ಚಿಕ್ಕದೇ. ಗುಡ್ಡ ಈ ಅಂಚಿನಿಂದ ಆ ಅಂಚಿನವರೆಗೆ ಹರಡುವಂತೆ ಕಪ್ಪು ಮತ್ತು ಬಿಳಿ ತುದಿಗಳ ಸ್ಲೈಡರ್ ಎಳೆಯಿರಿ. ಕೆಂಪು, ಹಸಿರು, ನೀಲಿ ಗುಡ್ಡಗಳು ಒಂದರ ಮೇಲೊಂದು ಕೂರುವಂತೆ ಹೊಂದಿಸಿ. ಚಿತ್ರದ ಬಣ್ಣ ಸರಿಯಾಯಿತು. ಕಲಿಯಲು ಹತ್ತು ನಿಮಿಷ ಸಾಕು, ಮಾಡಲು ಅರ್ಧ ನಿಮಿಷ. ಮಂಕಾಗಿ ಬಂದ ಹಗಲಿನ ಶಾಟ್‌ಗೆ ಹೀಗೆ ಮಾಡಿದರೆ ಫಲ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ ಕೂಡ. ಈ ಪಾಠ ಬೇರೂರಿರುವುದಕ್ಕೆ ಆ ಮೊದಲ ಫಲವೇ ಕಾರಣವಿರಬೇಕು. ನನ್ನ ವಾದ ಇಷ್ಟೇ: ಚಿತ್ರದಲ್ಲಿ ಏನಾದರೂ ಕಳೆದುಹೋಗಿದೆಯೇ ಎಂದು ಪರೀಕ್ಷಿಸಲು ಹಿಸ್ಟೋಗ್ರಾಂ ಒಳ್ಳೆಯ ಸಾಧನ, ಚಿತ್ರ ಹೇಗಿರಬೇಕೆಂದು ತೀರ್ಮಾನಿಸಲು ಅದು ಲಾಯಕ್ಕಿಲ್ಲ. ಮೊದಲ ಕೆಲಸದಲ್ಲಿ ಗಳಿಸಿದ ಹೆಸರನ್ನು ಎರಡನೆಯದಕ್ಕೆ ಬಳಸಿಕೊಂಡದ್ದರಿಂದಲೇ ನಾವು ನೋಡುವ ಎಷ್ಟೋ ವೀಡಿಯೊಗಳು ಒಂದೇ ಥರ ತೊಳೆದಿಟ್ಟಂತೆ ಕಾಣುತ್ತವೆ.

ಹಿಸ್ಟೋಗ್ರಾಂ ಹುಟ್ಟಿದ್ದು ಚಿತ್ರಕ್ಕಾಗಿ ಅಲ್ಲ. ಅದಕ್ಕೆ ಆ ಹೆಸರಿಟ್ಟವನು ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್, 19ನೇ ಶತಮಾನದ ಕೊನೆಯ ದಶಕದಲ್ಲಿ. ಅಂಕಿಅಂಶಗಳ ರಾಶಿ ಯಾವ ಬೆಲೆಯ ಸುತ್ತ ಎಷ್ಟು ದಟ್ಟವಾಗಿದೆ ಎಂದು ಒಂದೇ ನೋಟಕ್ಕೆ ತೋರಿಸುವುದು ಅದರ ಕೆಲಸ. ಸ್ಥಿರಚಿತ್ರಗಳ ಸಾಫ್ಟ್‌ವೇರ್‌ಗಳು, ಮುಖ್ಯವಾಗಿ ಫೋಟೋಶಾಪ್‌ನ ಲೆವೆಲ್ಸ್ ಎಂಬ ಸಾಧನ, ಅದನ್ನು ಮನೆಮಾತು ಮಾಡಿದವು. ಡಿಜಿಟಲ್ ಕ್ಯಾಮೆರಾಗಳ ಬೆನ್ನ ಮೇಲಿನ ಪುಟ್ಟ ಪರದೆಯಲ್ಲೂ ಅದು ಬಂತು. ವೀಡಿಯೊದವರ ಹಾದಿ ಬೇರೆಯೇ ಇತ್ತು. ಟಿವಿ ಪ್ರಸಾರದ ಎಂಜಿನಿಯರುಗಳು ಮೊದಲಿನಿಂದಲೂ ವೇವ್‌ಫಾರ್ಮ್ ಮಾನಿಟರ್ ಮತ್ತು ವೆಕ್ಟರ್‌ಸ್ಕೋಪ್ ಇಟ್ಟುಕೊಂಡು ಕೆಲಸ ಮಾಡಿದವರು. ಈಗ ಡಾವಿಂಚಿ ರಿಸಾಲ್ವ್, ಪ್ರೀಮಿಯರ್, ಫೈನಲ್ ಕಟ್ ಮೂರರಲ್ಲೂ, ಹಣ ಕೊಡದೆ ಸಿಗುವ ಕೆಡೆನ್‌ಲೈವ್‌ನಲ್ಲೂ, ಇವೆಲ್ಲ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಸಿಗುತ್ತವೆ. ಪ್ರೀಮಿಯರ್‌ನ ಲುಮೆಟ್ರಿ ಸ್ಕೋಪ್ಸ್‌ನಲ್ಲಂತೂ ಗುಡ್ಡವನ್ನು ಪಕ್ಕಕ್ಕೆ ಮಲಗಿಸಿ, ಕಪ್ಪನ್ನು ಕೆಳಗೂ ಬಿಳಿಯನ್ನು ಮೇಲೂ ಇಟ್ಟಿದ್ದಾರೆ. ಫೋಟೊ ತೆಗೆಯುತ್ತಿದ್ದು ವೀಡಿಯೊಗೆ ಬಂದವರ ಕೈ ಸಹಜವಾಗಿ ಪರಿಚಯದ ಗುಡ್ಡದ ಕಡೆಗೇ ಹೋಗುತ್ತದೆ.

ಗುಡ್ಡದ ಮೂಲ ಕೊರತೆ ಒಂದೇ, ಉಳಿದವೆಲ್ಲ ಅದರಿಂದ ಹುಟ್ಟಿದವು: ಅದಕ್ಕೆ ಜಾಗ ಗೊತ್ತಿಲ್ಲ. ಜನಗಣತಿಯ ಕೋಷ್ಟಕ ನೋಡಿ ಊರಿನಲ್ಲಿ ಎಪ್ಪತ್ತು ದಾಟಿದವರು ಎಷ್ಟು ಮಂದಿ ಎಂದು ಹೇಳಬಹುದು, ಯಾವ ಬೀದಿಯ ಯಾವ ಮನೆಯಲ್ಲಿದ್ದಾರೆ ಎಂದು ಹೇಳಲಾಗುವುದಿಲ್ಲ, ಇದೂ ಹಾಗೆಯೇ. ಒಂದು ಫ್ರೇಮಿನ ಪಿಕ್ಸೆಲ್‌ಗಳನ್ನೆಲ್ಲ ಬುಟ್ಟಿಗೆ ಸುರಿದು ಕಲಸಿ ಮನಬಂದಂತೆ ಮತ್ತೆ ಜೋಡಿಸಿದರೂ ಹಿಸ್ಟೋಗ್ರಾಂ ಒಂದು ಗೆರೆಯಷ್ಟೂ ಬದಲಾಗುವುದಿಲ್ಲ. ಮುಖ ಹೋಗಿ ಬರೀ ಮರಳಾದ ಚಿತ್ರಕ್ಕೂ ಮುಖವಿರುವ ಚಿತ್ರಕ್ಕೂ ಅದು ಒಂದೇ ವರದಿ ಕೊಡುತ್ತದೆ. ವೇವ್‌ಫಾರ್ಮ್ ಹಾಗಲ್ಲ. ಚಿತ್ರದ ಎಡಗಡೆಯ ವಸ್ತು ನಕ್ಷೆಯ ಎಡಗಡೆಯೇ, ಬಲಗಡೆಯದು ಬಲಗಡೆಯೇ ಕಾಣುತ್ತದೆ; ಎತ್ತರ ಮಾತ್ರ ಅದರ ಬೆಳಕು. ಕಿಟಕಿ ಬಲಕ್ಕಿದ್ದರೆ ಬಲಗಡೆಯ ಗೆರೆಗಳು ಮೇಲಕ್ಕೆ ಚಿಮ್ಮಿರುತ್ತವೆ, ನಡುವೆ ಕುಳಿತವರ ಮುಖ ನಡುವೆಯೇ ಸಿಗುತ್ತದೆ. ಮೇಲು ಕೆಳಗಿನ ಗುರುತು ಅಲ್ಲೂ ಇಲ್ಲ, ನಿಜ. ಆದರೂ ಅರ್ಧದಷ್ಟು ವಿಳಾಸವಾದರೂ ಉಳಿದಿದೆ.

ಯಕ್ಷಗಾನ ಬಯಲಾಟದ ಒಂದು ಫ್ರೇಮನ್ನೇ ತೆಗೆದುಕೊಳ್ಳೋಣ. ರಾತ್ರಿ, ಹಿಂದೆ ಕತ್ತಲು, ಮುಂದೆ ತೆಂಕುತಿಟ್ಟಿನ ಬಣ್ಣದ ವೇಷ: ಕೆಂಪು ಕಪ್ಪು ಮುಖವರ್ಣಿಕೆ, ಅದರ ಮೇಲೆ ಬಿಳಿ ಚುಟ್ಟಿಯ ಸಾಲು. 1920×1080 ಅಳತೆಯ ಈ ಫ್ರೇಮಿನಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪಿಕ್ಸೆಲ್‌ಗಳಿವೆ. ಹದಿನಾಲ್ಕು ಲಕ್ಷ ಕತ್ತಲೆಗೇ ಹೋಯಿತೆನ್ನಿ. ಚುಟ್ಟಿಗೆಲ್ಲ ಸೇರಿ ಎರಡು ಸಾವಿರ ಪಿಕ್ಸೆಲ್ ಸಿಕ್ಕರೆ ಹೆಚ್ಚು, ಅಂದರೆ ಸಾವಿರಕ್ಕೆ ಒಂದರಷ್ಟು. ಗುಡ್ಡದ ಎತ್ತರವನ್ನು ಸಾಮಾನ್ಯವಾಗಿ ಅತಿ ದಟ್ಟವಾದ ಹಂತಕ್ಕೆ ಹೊಂದಿಸಿ ಬರೆಯುವುದರಿಂದ ಎಡಗಡೆ ಕಪ್ಪಿನ ಗೋಡೆಯೊಂದು ಏಳುತ್ತದೆ, ಬಲಗಡೆ ಚುಟ್ಟಿಯ ಗೆರೆ ನೆಲಕ್ಕೆ ಅಂಟಿಕೊಂಡು ಕಾಣದಂತಾಗುತ್ತದೆ. ಪಾಠ ನಂಬಿದವನು ಬಲಗಡೆ ಖಾಲಿ ಇದೆ ಎಂದುಕೊಂಡು ಬಿಳಿಯ ಸ್ಲೈಡರನ್ನು ಒಳಕ್ಕೆ ಎಳೆಯುತ್ತಾನೆ. ಮೊದಲು ಸುಟ್ಟುಹೋಗುವುದೇ ಚುಟ್ಟಿ. ಕೈಯಿಂದ ಒಂದೊಂದಾಗಿ ಇಟ್ಟ ಚುಕ್ಕಿಗಳ ಉಬ್ಬು ಮಾಯವಾಗಿ ಬಿಳಿ ಕಾಗದ ಅಂಟಿಸಿದಂತೆ ಕಾಣುತ್ತದೆ. ಅಲ್ಲಿಗೇ ನಿಲ್ಲದೆ, ಗುಡ್ಡ ಎಡಕ್ಕೆ ಒತ್ತರಿಸಿಕೊಂಡಿರುವುದು ದೋಷವೆಂದು ನಡುವಿನ ಸ್ಲೈಡರನ್ನೂ ಸರಿಸಿದರೆ ಹಿಂದಿನ ಕತ್ತಲು ಬೂದಿಯಾಗಿ ಮೇಲೇಳುತ್ತದೆ, ಜೊತೆಗೆ ಕ್ಯಾಮೆರಾದ ನಾಯ್ಸ್ ಕೂಡ ಎದ್ದು ಕುಣಿಯುತ್ತದೆ. ಗುಡ್ಡ ಮಾತ್ರ ಈಗ ಪುಸ್ತಕದಲ್ಲಿ ತೋರಿಸಿದಂತೆಯೇ ಚೆಂದವಾಗಿರುತ್ತದೆ. ಆಟ ಕೆಟ್ಟಿರುತ್ತದೆ.

ಇದೇ ಫ್ರೇಮಿನಲ್ಲಿ ಇನ್ನೊಂದು ಮೋಸವಿದೆ. ಬೆಳಕನ್ನು ಮಾತ್ರ ತೋರಿಸುವ ಹಿಸ್ಟೋಗ್ರಾಂ ಮೂರು ಬಣ್ಣಗಳಿಗೂ ಸಮಾನ ತೂಕ ಕೊಡುವುದಿಲ್ಲ. ಹೈ ಡೆಫಿನಿಷನ್ ವೀಡಿಯೊದ ರೆಕ್ 709 ಮಾನದಂಡದಲ್ಲಿ ಕೆಂಪಿಗೆ 0.2126, ಹಸಿರಿಗೆ 0.7152, ನೀಲಿಗೆ 0.0722 ಪಾಲು, ಮನುಷ್ಯನ ಕಣ್ಣಿಗೆ ಹಸಿರು ಹೆಚ್ಚು ಬೆಳಗಿ ಕಾಣುವುದರಿಂದ ಈ ಹಂಚಿಕೆ. ಈಗ 0ರಿಂದ 255ರವರೆಗಿನ ಅಳತೆಯಲ್ಲಿ ಕೆಂಪು ಪೂರ್ತಿ ತುಂಬಿ 255ಕ್ಕೆ ಮುಟ್ಟಿದ, ಹಸಿರು ನೀಲಿ ಸೊನ್ನೆಯಾದ ಪಿಕ್ಸೆಲ್ ಒಂದನ್ನು ಊಹಿಸಿ. ಅದರ ಬೆಳಕಿನ ಬೆಲೆ ಸುಮಾರು 54. ಕೆಂಪು ಚಾನಲ್ ತುಂಬಿ ತುಳುಕುತ್ತಿದೆ, ಗುಡ್ಡ ಅದನ್ನು ನೆರಳಿನ ಲೆಕ್ಕಕ್ಕೆ ಹಾಕುತ್ತದೆ. ನೀಲಿಯದ್ದು ಇನ್ನೂ ವಿಚಿತ್ರ: ಪೂರ್ತಿ ನೀಲಿ ಸುಮಾರು 18ರಲ್ಲಿ, ಕಪ್ಪಿನ ಮಗ್ಗುಲಲ್ಲೇ ಕೂರುತ್ತದೆ. ವೇದಿಕೆಗಳಲ್ಲಿ ಈಗ ಎಲ್ಲೆಲ್ಲೂ ಇರುವ ನೀಲಿ ಎಲ್‌ಇಡಿ ದೀಪ ಮುಖಕ್ಕೆ ಬಿದ್ದಾಗ ಚರ್ಮದ ವಿವರವೆಲ್ಲ ಅಳಿಸಿ ಪ್ಲಾಸ್ಟಿಕ್ಕಿನಂತೆ ಆಗುವುದನ್ನು ಎಲ್ಲರೂ ನೋಡಿದ್ದೇವೆ; ಆಗ ಬೆಳಕಿನ ಹಿಸ್ಟೋಗ್ರಾಂ ತೆರೆದು ನೋಡಿದರೆ ಎಲ್ಲವೂ ಸುರಕ್ಷಿತ. ಮೂರು ಬಣ್ಣಗಳ ಹಿಸ್ಟೋಗ್ರಾಂ ಹಾಕಿದರೆ ಈ ತಪ್ಪು ಸಿಕ್ಕಿಬೀಳುತ್ತದೆ, ಒಪ್ಪುತ್ತೇನೆ. ಸಿಕ್ಕಿಬಿದ್ದದ್ದು ಮುಖದ ಮೇಲಿನ ನೀಲಿಯೋ ಹಿಂದಿನ ಪರದೆಯ ನೀಲಿಯೋ ಎಂಬುದು ಆಗಲೂ ತಿಳಿಯುವುದಿಲ್ಲ.

ಪಾಠದ ಎರಡನೆಯ ಭಾಗವಾದ ಮೂರು ಗುಡ್ಡಗಳನ್ನು ಒಂದರ ಮೇಲೊಂದು ಕೂರಿಸುವ ವಿಧಾನ ನನಗೆ ಇನ್ನೂ ಅಪಾಯಕಾರಿ ಎನಿಸುತ್ತದೆ. ಇದರ ಹಿಂದೆ ಹೇಳದೇ ಉಳಿದ ಒಂದು ನಂಬಿಕೆಯಿದೆ: ಜಗತ್ತಿನ ಬಣ್ಣಗಳನ್ನೆಲ್ಲ ಕೂಡಿಸಿ ಸರಾಸರಿ ತೆಗೆದರೆ ಬೂದು ಬರುತ್ತದೆ ಎಂಬುದು. ಬಣ್ಣವನ್ನು ತಾನಾಗಿ ಸರಿಪಡಿಸುವ ಎಷ್ಟೋ ಸೂತ್ರಗಳು ನಿಂತಿರುವುದು ಇದರ ಮೇಲೆಯೇ. ಕಾಂಕ್ರೀಟು ರಸ್ತೆ, ಮೋಡದ ದಿನ, ಬಿಳಿ ಗೋಡೆಯ ಆಫೀಸು ಇರುವ ಚಿತ್ರಕ್ಕೆ ನಂಬಿಕೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಮದುವೆಯ ಧಾರೆ ಮಂಟಪಕ್ಕೆ? ಅಲ್ಲಿ ಅರಿಶಿನ, ಕುಂಕುಮ, ಕೆಂಪು ರೇಷ್ಮೆ, ಚಿನ್ನ, ಸೇವಂತಿಗೆ, ಹೋಮದ ಬೆಂಕಿ. ಚಿತ್ರವೇ ಕೆಂಪು ಹಳದಿಯ ಕಡೆಗೆ ವಾಲಿದೆ, ವಾಲಬೇಕಾದದ್ದೇ. ಮೂರು ಗುಡ್ಡಗಳನ್ನು ಹಟ ಹಿಡಿದು ಸೇರಿಸಿದರೆ ನೀಲಿಯನ್ನು ಸುರಿದು ಹಳದಿಯನ್ನು ಕೊಲ್ಲಬೇಕಾಗುತ್ತದೆ. ಅರಿಶಿನದ ಕೈ ಪೇಲವವಾಗಿ, ಬೆಂಕಿ ಟ್ಯೂಬ್‌ಲೈಟಾಗುತ್ತದೆ. ಸಂಜೆಯ ಆಕಾಶದ ಮೇಲೂ ಇದೇ ಅನ್ಯಾಯ. ಸರಿಯಾದ ಹಾದಿ ಬೇರೆ. ಕೆಂಪು, ಹಸಿರು, ನೀಲಿಯ ವೇವ್‌ಫಾರ್ಮ್‌ಗಳನ್ನು ಪಕ್ಕಪಕ್ಕ ತೋರಿಸುವ ಪರೇಡ್ ತೆರೆದು, ಪುರೋಹಿತರ ಬಿಳಿ ಪಂಚೆಯೋ ಕಂಬದ ಸುಣ್ಣವೋ ನಕ್ಷೆಯಲ್ಲಿ ಎಲ್ಲಿದೆ ಎಂದು ಹುಡುಕಿ, ಆ ಜಾಗದಲ್ಲಿ ಮಾತ್ರ ಕೆಂಪು ಹಸಿರು ನೀಲಿ ಒಂದೇ ಎತ್ತರಕ್ಕೆ ಬರುತ್ತವೆಯೇ ನೋಡಬೇಕು. ಬಿಳಿ ಬಿಳಿಯಾದರೆ ಸಾಕು, ಉಳಿದ ಬಣ್ಣಗಳು ತಮ್ಮ ಪಾಡಿಗೆ ವಾಲಿಕೊಂಡಿರಲಿ. ಮುಖಕ್ಕೆ, ಬಣ್ಣಗಳನ್ನು ಒಂದು ವೃತ್ತದ ಮೇಲೆ ತೋರಿಸುವ ವೆಕ್ಟರ್‌ಸ್ಕೋಪ್ ಇದೆ. ಕಪ್ಪು, ಎಣ್ಣೆಗೆಂಪು, ಗೋಧಿ, ಬಿಳಿ ಎಂದು ನಾವು ಹೆಸರಿಡುವ ಮೈಬಣ್ಣಗಳೆಲ್ಲ ಬೆಳಕಿನಲ್ಲೂ ಗಾಢತೆಯಲ್ಲೂ ಬೇರೆ ಬೇರೆಯಾದರೂ, ಆ ವೃತ್ತದಲ್ಲಿ ಕೆಂಪಿಗೂ ಹಳದಿಗೂ ನಡುವಿನ ಒಂದೇ ಗೆರೆಯ ಆಸುಪಾಸಿಗೆ ಬಂದು ಸೇರುತ್ತವೆ. ಹಿಸ್ಟೋಗ್ರಾಂನಲ್ಲಿ ಮೈಬಣ್ಣವೆಂಬುದೇ ಇಲ್ಲ. ಕಂದು ಮರದ ಬಾಗಿಲಿಗೂ ಕಂದು ಕೆನ್ನೆಗೂ ಅದಕ್ಕೆ ವ್ಯತ್ಯಾಸ ಗೊತ್ತಿಲ್ಲ.

ವೀಡಿಯೊ ಅಂದಮೇಲೆ ಕಾಲವೂ ಬಂತು. ಶಾಟ್ ನಡೆಯುತ್ತಿರುವಾಗ ಬಿಳಿ ಅಂಗಿಯವನೊಬ್ಬ ಫ್ರೇಮಿನೊಳಗೆ ಬಂದರೆ ಬಲಗಡೆ ಹೊಸ ಗುಡ್ಡ ಏಳುತ್ತದೆ. ದೀಪ ಒಂದಿಷ್ಟೂ ಬದಲಾಗಿರುವುದಿಲ್ಲ. ಒಂದೇ ದೃಶ್ಯದ ದೂರದ ಶಾಟ್‌ನಲ್ಲಿ ಗೋಡೆ, ನೆಲ, ಜನ ಎಲ್ಲ ಇದ್ದಾರೆ. ಹತ್ತಿರದ ಶಾಟ್‌ನಲ್ಲಿ ಮುಖವೊಂದೇ. ಎರಡರ ಗುಡ್ಡಗಳು ಬೇರೆಯಾಗಿರಲೇಬೇಕು. ಹೊಂದಿಸಲು ಹೊರಟರೆ ಒಂದು ಶಾಟ್‌ನಲ್ಲಿ ಕಪ್ಪಗಿದ್ದ ಮುಖ ಇನ್ನೊಂದರಲ್ಲಿ ಬೆಳ್ಳಗಾಗುತ್ತದೆ. ಕಲರಿಸ್ಟ್ ಒಬ್ಬರ ದಿನದ ದುಡಿಮೆಯಲ್ಲಿ ಬಹುಪಾಲು ಶಾಟ್‌ನಿಂದ ಶಾಟ್‌ಗೆ ಹೊಂದಿಸುವುದೇ ಆಗಿರುವಾಗ, ಆ ಕೆಲಸಕ್ಕೇ ಬಾರದ ಸಾಧನವನ್ನು ಮೊದಲ ಪಾಠವಾಗಿ ಕಲಿಸುವುದು ಯಾವ ನ್ಯಾಯ?

ತುಂಬಿದ ಗುಡ್ಡವೇ ಒಳ್ಳೆಯ ಚಿತ್ರ ಎಂಬ ಎಣಿಕೆಗೆ ನಮ್ಮ ಸಿನಿಮಾ ಇತಿಹಾಸದಲ್ಲೇ ಉತ್ತರವಿದೆ. ಮೈಸೂರಿನಲ್ಲಿ ಹುಟ್ಟಿ ಮುಂಬೈಯಲ್ಲಿ ಗುರುದತ್ ಅವರ ಛಾಯಾಗ್ರಾಹಕರಾದ ವಿ.ಕೆ. ಮೂರ್ತಿ, ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. 1959ರ ‘ಕಾಗಜ್ ಕೆ ಫೂಲ್’ನ ಹಾಡೊಂದರಲ್ಲಿ ಖಾಲಿ ಸ್ಟುಡಿಯೊದ ಕತ್ತಲೆಗೆ ಮೇಲಿನಿಂದ ಇಳಿಯುವ ಬೆಳಕಿನ ಕೋಲು ಅವರದ್ದೇ, ಕನ್ನಡಿ ಹಿಡಿದು ಹೊರಗಿನ ಬಿಸಿಲನ್ನೇ ಒಳಗೆ ತಂದರು. ಆ ಫ್ರೇಮುಗಳನ್ನು ಇಂದಿನ ಸಾಫ್ಟ್‌ವೇರ್‌ಗೆ ಹಾಕಿದರೆ ಎಡಗಡೆ ದೊಡ್ಡ ರಾಶಿ, ನಡುವೆ ಹೆಚ್ಚೇನೂ ಇಲ್ಲ, ಬಲಗಡೆ ತೆಳ್ಳನೆಯ ಬಾಲ ಬರಬೇಕು. ಪಾಠದ ಪ್ರಕಾರ ಇದು ಕಡಿಮೆ ಬೆಳಕಿನಲ್ಲಿ ತೆಗೆದ ಕೆಟ್ಟ ಶಾಟ್. ಆಟೋ ಗುಂಡಿ ಒತ್ತಿದರೆ ಕತ್ತಲು ತಿಳಿಯಾಗಿ, ಕೋಲು ಕೋಲಾಗಿ ಉಳಿಯದೆ ಧೂಳು ತುಂಬಿದ ಹಗಲಾಗುತ್ತದೆ. ‘ಕೆಜಿಎಫ್’ನ ಮಸಿ ಹಿಡಿದ ಗಣಿಯ ಲೋಕವೂ ಹೀಗೆಯೇ ಎಡಕ್ಕೆ ಒತ್ತರಿಸಿದ್ದು. ಅದರ ರುಚಿ ಬೇರೆ ಪ್ರಶ್ನೆ (ನನಗೆ ಆ ಕಂದು ಒಂದು ಹಂತದಾಚೆ ಏಕತಾನ ಎನಿಸುತ್ತದೆ), ಆದರೆ ಅದು ಆರಿಸಿಕೊಂಡ ಕತ್ತಲೆ, ತಪ್ಪಿ ಬಂದದ್ದಲ್ಲ. ಆರಿಸಿಕೊಂಡದ್ದು ಯಾವುದು, ತಪ್ಪಿ ಬಂದದ್ದು ಯಾವುದು ಎಂಬ ಭೇದ ಎಣಿಕೆಗೆ ಸಿಗುವ ವಿಷಯವಲ್ಲ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಕಣ್ಣನ್ನು ನಂಬುವುದಾದರೂ ಹೇಗೆ? ದೃಷ್ಟಿ ವಿಜ್ಞಾನಿ ಎಡ್ವರ್ಡ್ ಆಡಲ್ಸನ್ 1995ರಲ್ಲಿ ಪ್ರಕಟಿಸಿದ ಚದುರಂಗದ ಹಾಸಿನ ಚಿತ್ರದಲ್ಲಿ ನೆರಳಿನೊಳಗಿನ ‘ಬಿಳಿ’ ಮನೆಯೂ ಹೊರಗಿನ ‘ಕಪ್ಪು’ ಮನೆಯೂ ನಿಜದಲ್ಲಿ ಒಂದೇ ಬೂದು. ಗೊತ್ತಿದ್ದೂ ಕಣ್ಣು ಒಪ್ಪುವುದಿಲ್ಲ. ಹಳದಿ ದೀಪದ ಕೋಣೆಯಲ್ಲಿ ಒಂದು ಗಂಟೆ ಕೂತರೆ ಹಳದಿಯೇ ಬಿಳಿಯಾಗುತ್ತದೆ. ಲ್ಯಾಪ್‌ಟಾಪ್ ಪರದೆಗಳಂತೂ ಒಂದೊಂದೂ ಒಂದೊಂದು ಬಣ್ಣ. 2019ರಲ್ಲಿ ‘ಗೇಮ್ ಆಫ್ ಥ್ರೋನ್ಸ್’ನ ‘ದಿ ಲಾಂಗ್ ನೈಟ್’ ಕಂತು ಬಂದಾಗ ಏನೂ ಕಾಣುತ್ತಿಲ್ಲವೆಂದು ಜಗತ್ತಿನಾದ್ಯಂತ ನೋಡುಗರು ಗೊಣಗಿದರು. ಕತ್ತಲೆ ಬೇಕೆಂದೇ ಇಟ್ಟದ್ದು ಎಂದು ಛಾಯಾಗ್ರಾಹಕ ಫೇಬಿಯನ್ ವಾಗ್ನರ್ ಸಮರ್ಥಿಸಿಕೊಂಡರು. ಒಳ್ಳೆಯ ಮಾನಿಟರಿನ ಮುಂದೆ ಕತ್ತಲ ಕೋಣೆಯಲ್ಲಿ ಕೂತವರ ಕಣ್ಣಿಗೆ ಕಂಡದ್ದು, ಹಗಲು ಬೆಳಕಿನ ಹಾಲ್‌ನಲ್ಲಿ ಸ್ಟ್ರೀಮಿಂಗ್‌ನ ಹಿಂಡಿದ ಚಿತ್ರ ನೋಡುವವರಿಗೆ ಕಾಣಲಿಲ್ಲ. ಹಾಗಿದ್ದಮೇಲೆ ‘ಆರಿಸಿಕೊಂಡ ಕತ್ತಲೆ’ ಎಂಬ ನನ್ನ ಮಾತು ಸೋಮಾರಿತನಕ್ಕೆ ಹೊದಿಕೆಯಾಗಬಹುದಲ್ಲವೇ? ಆಗಬಹುದು. ಅಳತೆ ಬೇಕೇ ಬೇಕು ಎಂಬುದರಲ್ಲಿ ನನ್ನ ತಕರಾರಿಲ್ಲ. ಆದರೆ ಆ ಕಂತಿನ ಹಿಸ್ಟೋಗ್ರಾಂ ಎಡಕ್ಕಿದೆ ಎಂಬುದು ಹೊಸ ಸುದ್ದಿಯಲ್ಲ, ರಾತ್ರಿಯ ಯುದ್ಧದ ಯಾವ ಚಿತ್ರದ್ದೂ ಎಡಕ್ಕೇ ಇರುತ್ತದೆ. ಕೇಳಬೇಕಾದ ಪ್ರಶ್ನೆ, ಮುಖ್ಯ ಪಾತ್ರದ ಮುಖ ಅದರ ಹಿಂದಿನ ಕತ್ತಲೆಗಿಂತ ಎಷ್ಟು ಮೇಲಿದೆ ಎಂಬುದು. ಅದು ಎರಡು ಜಾಗಗಳ ನಡುವಿನ ಅಂತರ. ಅಳೆಯಲು ವೇವ್‌ಫಾರ್ಮ್ ಬೇಕು. ಕಣ್ಣಿಗೆ ಬದಲಾಗಿ ಯಂತ್ರ ಎಂದು ವಾದಿಸುವವರು ಯಂತ್ರಗಳಲ್ಲೇ ಆಯ್ಕೆಯಿದೆ ಎಂಬುದನ್ನು ಮರೆಯುತ್ತಾರೆ.

ಛಾಯಾಗ್ರಾಹಕರು ಇಷ್ಟು ವರ್ಷ ಹಿಸ್ಟೋಗ್ರಾಂ ನೋಡಿಯೇ ಒಳ್ಳೆಯ ಫೋಟೊ ತೆಗೆದಿಲ್ಲವೇ ಎಂಬುದು ಇನ್ನೊಂದು ಮಾತು. ತೆಗೆದಿದ್ದಾರೆ, ಏಕೆಂದರೆ ಕ್ಲಿಕ್ಕಿಸುವ ಗಳಿಗೆಯಲ್ಲಿ ಅವರಿಗಿರುವ ಪ್ರಶ್ನೆ ಒಂದೇ: ಬಿಳಿ ಸುಟ್ಟಿದೆಯೇ, ಕಪ್ಪು ಮುಳುಗಿದೆಯೇ? ಅದಕ್ಕೆ ಎಣಿಕೆ ಸಾಕು. ಎಡಿಟಿಂಗ್ ಮೇಜಿನ ಮೇಲೆ ಆ ಪ್ರಶ್ನೆ ಮುಗಿದಿರುತ್ತದೆ, ಸುಟ್ಟದ್ದು ಸುಟ್ಟಾಗಿದೆ. ಇನ್ನು ಲಾಗ್‌ನಲ್ಲಿ, ಅಂದರೆ ಬೆಳಕಿನ ಹೆಚ್ಚಿನ ವ್ಯಾಪ್ತಿ ಹಿಡಿಯಲು ಬೇಕೆಂದೇ ಮಂಕಾಗಿ ದಾಖಲಿಸುವ ಕ್ರಮದಲ್ಲಿ, ತೆಗೆದ ವೀಡಿಯೊ ಬಂದರೆ ಈ ಅಭ್ಯಾಸ ದಾರಿಯನ್ನೇ ತಪ್ಪಿಸುತ್ತದೆ. ಸೋನಿಯ ಎಸ್-ಲಾಗ್3ರಲ್ಲಿ ಮಧ್ಯದ ಬೂದು ಶೇ. 41ರ ಎತ್ತರದಲ್ಲಿ ಕೂರುವಂತೆ, ಕಪ್ಪು ಬಿಳಿ ಎರಡೂ ಅಂಚುಗಳಿಂದ ದೂರ ಉಳಿಯುವಂತೆ ಬೇಕೆಂದೇ ರೂಪಿಸಿದ್ದಾರೆ. ಗುಡ್ಡ ನಡುವೆ ಮುದುಡಿದೆ ಎಂದು ಎರಡೂ ಕಡೆ ಎಳೆದರೆ ಬರುವುದು ಸರಿಯಾದ ರೂಪಾಂತರವಲ್ಲ, ಅದರ ಕಚ್ಚಾ ಅನುಕರಣೆ. ಬೆಳಕಿನ ಭಾಗಗಳು ಹಿಸುಕಿಕೊಂಡೇ ಉಳಿಯುತ್ತವೆ.

ಹಿಸ್ಟೋಗ್ರಾಂ ಗೆಲ್ಲುವ ಜಾಗಗಳೂ ಇವೆ. 8 ಬಿಟ್ ವೀಡಿಯೊದಲ್ಲಿ ಒಂದು ಬಣ್ಣಕ್ಕೆ 256 ಹಂತ ಮಾತ್ರ. ಚಿತ್ರವೆಲ್ಲ 60ರಿಂದ 180ರ ನಡುವೆ ಇದ್ದು ಅದನ್ನು 0ರಿಂದ 255ಕ್ಕೆ ಹಿಗ್ಗಿಸಿದರೆ, ಸರಳ ಲೆಕ್ಕದಲ್ಲಿ 121 ಹಂತಗಳು 256 ಜಾಗಗಳಲ್ಲಿ ಹಂಚಿಹೋಗಿ 135 ಜಾಗ ಖಾಲಿ ಬೀಳುತ್ತವೆ. ಗುಡ್ಡ ಬಾಚಣಿಗೆಯ ಹಲ್ಲಿನಂತೆ ಸೀಳಿಕೊಳ್ಳುತ್ತದೆ. ಆ ಸೀಳು ಕಂಡರೆ ಆಕಾಶದಲ್ಲಿ ಪಟ್ಟೆಪಟ್ಟೆ ಬರಲಿದೆ ಎಂದು ಅರ್ಥ, ಕಣ್ಣಿಗೆ ಕಾಣುವ ಮೊದಲೇ. (ಗುಡ್ಡ ಹಿಗ್ಗಿಸಿ ಎಂಬ ಪಾಠವೇ ಈ ರೋಗವನ್ನೂ ತರುವುದು ತಮಾಷೆ.) ಹಾಗೆಯೇ, ಪ್ರಸಾರದ 16ರಿಂದ 235ರ ಮಿತಿಯ ಫೈಲನ್ನು ಸಾಫ್ಟ್‌ವೇರ್ 0ರಿಂದ 255ರದ್ದೆಂದು ತಪ್ಪಾಗಿ ಓದಿದಾಗ ಎರಡೂ ಅಂಚುಗಳಲ್ಲಿ ಕತ್ತರಿಸಿಟ್ಟಂತೆ ಖಾಲಿ ಬಿಟ್ಟ ಗುಡ್ಡ ಅದನ್ನು ಥಟ್ಟನೆ ಹೇಳಿಬಿಡುತ್ತದೆ. ರಿಸಾಲ್ವ್‌ನ ವರ್ಣದ ಕರ್ವ್‌ಗಳ ಹಿನ್ನೆಲೆಯಲ್ಲಿ ಬರುವ ಹಿಸ್ಟೋಗ್ರಾಂ ಇನ್ನೂ ಉಪಯುಕ್ತ. ಅಲ್ಲಿ ಅಡ್ಡಗೆರೆ ಬೆಳಕಲ್ಲ, ವರ್ಣ. ಚಿತ್ರದಲ್ಲಿ ಎಷ್ಟು ಹಸಿರು, ಎಷ್ಟು ನೀಲಿ ಇದೆ ಎಂಬ ಎಣಿಕೆ ನೋಡಿ, ಇಲ್ಲದ ಬಣ್ಣವನ್ನು ತಿದ್ದುವ ವ್ಯರ್ಥ ಶ್ರಮ ತಪ್ಪುತ್ತದೆ.

ಕೊನೆಯ ಆಕ್ಷೇಪ ಅನುಕೂಲದ್ದು. ಎಲ್ಲರಿಗೂ ಎಲ್ಲ ಸ್ಕೋಪ್‌ಗಳೂ ಸಿಗುವುದಿಲ್ಲ. ಕೈಲಿರುವ ಸಾಧನದಲ್ಲಿ ಹಿಸ್ಟೋಗ್ರಾಂ ಒಂದೇ ಇದ್ದರೆ ಏನು ಮಾಡಬೇಕು? ಅದಕ್ಕೆ ಜಾಗವನ್ನು ನಾವೇ ಕೊಡಬೇಕು. ಆ ಮದುವೆಯ ಕ್ಲಿಪ್‌ಗೆ ತಾತ್ಕಾಲಿಕವಾಗಿ ಕ್ರಾಪ್ ಹಾಕಿ ಪುರೋಹಿತರ ಪಂಚೆಯ ಬಿಳಿಯನ್ನಷ್ಟೇ ಉಳಿಸಿಕೊಂಡರೆ, ಈಗ ಎಣಿಕೆಯಾಗುತ್ತಿರುವುದು ಪಂಚೆ ಮಾತ್ರ. ಇಲ್ಲಿ ಮೂರು ಗುಡ್ಡಗಳು ಒಂದೇ ಕಡೆ ಬರಲೇಬೇಕು, ಆ ಹಳೆಯ ಪಾಠ ಇಲ್ಲಿ ಸರಿಯಾಗುತ್ತದೆ. ಬಳಿಕ ಕ್ರಾಪನ್ನು ಮುಖಕ್ಕೆ ಸರಿಸಿ, ಕೆನ್ನೆಯ ಬೆಳಕು ಯಾವ ಹಂತದಲ್ಲಿದೆ ಎಂದು ಗುರುತು ಹಾಕಿಕೊಂಡು, ಮುಂದಿನ ಶಾಟ್‌ನ ಅದೇ ಕೆನ್ನೆಯನ್ನು ಅಲ್ಲಿಗೇ ತರಬಹುದು. ಕತ್ತರಿಸಿದ ಭಾಗವನ್ನು ಸಾಫ್ಟ್‌ವೇರ್ ಕಪ್ಪೆಂದು ಎಣಿಸಿ ಎಡತುದಿಯಲ್ಲಿ ಒಂದು ಎತ್ತರದ ಗೆರೆ ಎಬ್ಬಿಸುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಬಾರದು, ಮತ್ತು ಎಕ್ಸ್‌ಪೋರ್ಟ್‌ಗೆ ಮುಂಚೆ ಕ್ರಾಪ್ ತೆಗೆಯಬೇಕು.